ಕಪ್ಪತಗುಡ್ಡದಲ್ಲಿ ಒಬ್ಬ ಕುರಿಗಾಹಿಯ ಜೊತೆ

ಕಪ್ಪತಗುಡ್ಡವನ್ನು 'ಉತ್ತರ ಕರ್ನಾಟಕದ ಸಹ್ಯಾದ್ರಿ' ಅನ್ನುತ್ತಾರೆ. ನನಗೆ ಆ ಹೆಸರು ಹಿಡಿಸಲಿಲ್ಲ. ಸಹ್ಯಾದ್ರಿ ಅಂದುಕೊಂಡು ಬಂದವರು ಜಲಪಾತ, ಮಂಜು ಹುಡುಕಿ ಬೇಜಾರಾಗುತ್ತಾರೆ. ಇದು ಗದಗದ ಹತ್ತಿರ ಶುರುವಾಗಿ ತುಂಗಭದ್ರೆಯ ಕಡೆಗೆ ಸಾಗುವ ಕುಳ್ಳ ಗುಡ್ಡಗಳ ಸಾಲು. ಕುರುಚಲು ಗಿಡ, ಕೆಂಪು ಕಲ್ಲು, ಸೊಂಟದವರೆಗೆ ಬೆಳೆಯುವ ಬಾದೆ ಹುಲ್ಲು, ಅಷ್ಟೇ. ಸುತ್ತ ಎರೆಹೊಲ ಚಪ್ಪಟೆಯಾಗಿರುವುದರಿಂದ ಇಷ್ಟು ಎತ್ತರವೇ ಜಾಸ್ತಿ ಅನಿಸುತ್ತದೆ.

ಗದಗದಲ್ಲಿ ಗಿರ್ಮಿಟ್ಟು ತಿಂದು ಡಂಬಳಕ್ಕೆ ಬಂದೆವು. ದೊಡ್ಡಬಸಪ್ಪ ಗುಡಿಯ ಗರ್ಭಗುಡಿ ಹೊರಗಿನಿಂದ 24 ಮೂಲೆಯ ನಕ್ಷತ್ರ. ಒಂದೇ ಚೌಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ ಬರುವ ಆಕಾರ ಅದು. ಗೋಡೆ ಹಿಡಿದು ಸುತ್ತು ಬಂದರೆ ನೆರಳು ಹೆಜ್ಜೆಹೆಜ್ಜೆಗೂ ಮುರಿಯುತ್ತದೆ. ಗುಡಿ ನೋಡಲು ಲಕ್ಕುಂಡಿಗೆ ಹೋಗುವ ಜನ ಇಲ್ಲಿಗೆ ಯಾಕೆ ಬರುವುದಿಲ್ಲವೋ! ಇದೇ ಊರಲ್ಲಿ 1095ರ ಶಾಸನವೊಂದು ಸಿಕ್ಕಿದೆ. ಹದಿನಾರು ಸೆಟ್ಟಿಗಳು ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದರು ಅನ್ನುತ್ತದೆ ಅದು. ಶಾಸನ ಬೌದ್ಧ ದೇವತೆ ತಾರಾದೇವಿಯನ್ನೂ ಹೆಸರಿಸುತ್ತದೆ.

ಗುಡ್ಡದ ಬುಡಕ್ಕೆ ಆಟೋ ಮಾಡಿಕೊಂಡು ಹೋದೆವು. ಕಾಯುತ್ತೇನೆ ಅಂದವನು ಬಾಡಿಗೆ ಪೂರ್ತಿ ಇಸಕೊಂಡು ಹೊರಟೇಹೋದ. ಹೋಗುವಾಗ ಅರ್ಧ ದುಡ್ಡು ಮಾತ್ರ ಕೊಡಿ. ನೀರೂ ಒಯ್ಯಿರಿ, ಅಲ್ಲಿ ಅಂಗಡಿ ಇಲ್ಲ. ಅಭಯಾರಣ್ಯವಾದ್ದರಿಂದ ಒಳಗೆ ಎಲ್ಲೆಲ್ಲಿ ಹೋಗಬಹುದು ಅಂತ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ.

ಆಟೋ ಇಲ್ಲದೆ ನಡೆದುಕೊಂಡು ವಾಪಸ್ ಬರುವಾಗಲೇ ಆ ಕುರಿಗಾಹಿ ಸಿಕ್ಕಿದ್ದು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮೊಬೈಲ್.

"ಯಾವೂರ್ರೀ?"

"ಮೈಸೂರು."

"ಅಲ್ಲಿ ಗುಡ್ಡ ಇಲ್ಲೇನ್ರೀ?"

ಚಾಮುಂಡಿ ಬೆಟ್ಟ ಇದೆ ಅಂದೆ. "ಅದು ದೇವ್ರ ಗುಡ್ಡ. ಇದು ಔಷಧದ ಗುಡ್ಡ ರೀ" ಅಂದರು. ಕಾಲ ಬಳಿಯ ಒಂದು ಸೊಪ್ಪು ಕಿತ್ತು ಉಜ್ಜಿ ಮೂಸಿಸಿದರು. ಘಾಟು ಮೂಗಿಗೆ ಹತ್ತಿತು.

ತೋಳ ಇದೆಯಾ ಅಂತ ಕೇಳಿದೆ. ಇದೆ, ಹೋದ ತಿಂಗಳು ಒಂದು ಕುರಿ ಹೋಯಿತು ಅಂದರು. ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಬೇರೆ ಮಾತಿಗೆ.

"ಗಣಿ ಬ್ಯಾಡ ಅಂತ ನಾವೂ ಗದಗಕ್ಕ ಹೋಗಿ ಕುಂತಿದ್ವಿ. ಅಜ್ಜಾರು ಕರದಿದ್ರು. ಈಗ ಕುರೀನೂ ಬ್ಯಾಡ ಅಂತಾರ."

ಅಜ್ಜಾರು ಅಂದರೆ ಆಗ ಗದಗದ ತೋಂಟದಾರ್ಯ ಮಠದಲ್ಲಿದ್ದ ಸಿದ್ಧಲಿಂಗ ಸ್ವಾಮಿಗಳು. ಈ ಮಣ್ಣಿನಲ್ಲಿ ಕಬ್ಬಿಣವೂ ಇದೆ, ಚಿನ್ನವೂ ಇದೆ. ಅದಕ್ಕೇ ಕಂಪನಿಗಳ ಕಣ್ಣು ಇದರ ಮೇಲೆ. 2015ರಲ್ಲಿ ಸರ್ಕಾರ ಗುಡ್ಡವನ್ನು ಸಂರಕ್ಷಿತ ಪ್ರದೇಶ ಮಾಡಿತು, ಮರುವರ್ಷ ವಾಪಸ್ ಪಡೆಯಿತು. ಜನ ಧರಣಿ ಕೂತರು. 2017ರಲ್ಲಿ ಆದೇಶ ಮತ್ತೆ ಬಂತು, 2019ರಲ್ಲಿ ವನ್ಯಜೀವಿಧಾಮವೇ ಆಯಿತು. ಗೆದ್ದ ಕಥೆ ಅಂತಲೇ ನಾನು ಓದಿಕೊಂಡು ಬಂದಿದ್ದೆ.

"ಹಾಗಾದರೆ ಅಭಯಾರಣ್ಯ ಆಗಬಾರದಿತ್ತಾ?" ಅಂದೆ.

"ಹಂಗ ಯಾರು ಅಂದ್ರು? ಆಗ್ಬೇಕಿತ್ತು. ಆದ್ರ ನಾವು ಎಲ್ಲಿ ಮೇಯಸೂದು, ಅದನ್ನೂ ಬರೀಬೇಕಿತ್ತು. ಬ್ಯಾಸಗ್ಯಾಗ ಹುಲ್ಲಿಗೆ ಬೆಂಕಿ ಬಿದ್ರ ಮೊದ್ಲ ಓಡಿ ಬರವ್ರು ನಾವ."

ಅಲ್ಲೇ ಹತ್ತಿರದ ಗಾಳಿಯಂತ್ರ ತೋರಿಸಿ, ಅದಕ್ಕೆ ಜಾಗ ಸಿಕ್ಕಿತಲ್ಲ ಅಂದರು. ಆ ಯಂತ್ರಗಳು ನನಗೂ ಸೇರಲಿಲ್ಲ. ಫೋಟೋ ತೆಗೆಯಲು ಹೋದರೆ ಎಲ್ಲಿ ತಿರುಗಿಸಿದರೂ ಒಂದು ರೆಕ್ಕೆ ಬರುತ್ತದೆ.

ಮಾತಾಡುತ್ತಲೇ ಅವರು ಯಾರಿಗೋ ಫೋನ್ ಮಾಡಿದರು. ಸ್ವಲ್ಪ ಹೊತ್ತಿಗೆ ಅವರ ಅಳಿಯ ಟಂಟಂ ತಂದ. ದುಡ್ಡು ಎಷ್ಟು ಅಂದಿದ್ದಕ್ಕೆ ಮಾವನ ಮುಖ ನೋಡಿದ. "ಆಟೋದವನಿಗೆ ಎಷ್ಟ ಕೊಟ್ಟೀರಿ?" ಅಂತ ಅವರು ಕೇಳಿದರು. ಹೇಳಿದೆ. ಬೈದರು, ಅವನನ್ನಲ್ಲ, ನಮ್ಮನ್ನು. ಅದರ ಅರ್ಧಕ್ಕೆ ಡಂಬಳಕ್ಕೆ ಬಿಡಿಸಿದರು.