ಶಾರ್ಕ್ ಬಾಯಲ್ಲಿ ಕೋಟು, ನನ್ನ ತಲೆ ಮೇಲೆ ರೆಸಿನ್

ಅಂತೂ ನೀರು ಗಟ್ಟಿಯಾಯಿತು! ನೀರು ಅಂದರೆ ನನ್ನ ಪುಟ್ಟ ಮಾದರಿ ದೃಶ್ಯದ ಸಮುದ್ರ: ಸುರಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ರೆಸಿನ್ ಎಂಬ ದ್ರವ. ಮೂರನೇ ಸಲ ಸುರಿದದ್ದು. ಉಗುರು ಒತ್ತಿದರೂ ಗುರುತು ಬೀಳುತ್ತಿಲ್ಲ. ಕೋಟಿನ ತುದಿಯ ಹತ್ತಿರ ಒಂದೇ ಒಂದು ಗುಳ್ಳೆ ಉಳಿದಿದೆ. ಶಾರ್ಕ್ ಉಸಿರು ಬಿಟ್ಟದ್ದು ಅಂತ ಹೇಳಿ ತಪ್ಪಿಸಿಕೊಳ್ಳೋಣ ಅಂದುಕೊಂಡಿದ್ದೆ. 'ಶಾರ್ಕ್ ಗಾಳಿ ಉಸಿರಾಡಲ್ಲ ಅಪ್ಪ' ಅಂತ ಮಗಳು ಆಗಲೇ ತಿದ್ದಿದಳು.

ದೋಣಿಯಲ್ಲಿ ಕೂತವನು ಜಾರ್ಜ್ ಕೂಲ್ತಾರ್ಡ್. 1:24 ಅಳತೆ, ಅಂದರೆ ನಿಜದ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು; ಎದ್ದು ನಿಂತರೆ ಏಳು ಸೆಂಟಿಮೀಟರ್. ಮೆಲ್ಬರ್ನ್‌ನ ಕಾರ್ಲ್‌ಟನ್ ಕ್ಲಬ್ಬಿನ ಫುಟ್‌ಬಾಲ್ ಆಟಗಾರ; ಆಸ್ಟ್ರೇಲಿಯಾದ್ದೇ ನಿಯಮಗಳ ಫುಟ್‌ಬಾಲ್, ನಮಗೆ ಗೊತ್ತಿರುವ ಸಾಕರ್ ಅಲ್ಲ. 1877ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಅಸೋಸಿಯೇಷನ್ ಶುರುವಾದ ವರ್ಷವೇ ಕಾರ್ಲ್‌ಟನ್ ಗೆದ್ದಿತು. ಆ ಕಾಲದಲ್ಲಿ ಒಂದು ಕಡೆಗೆ ಇಪ್ಪತ್ತು ಜನ, ಲೆಕ್ಕಕ್ಕೆ ಬರುತ್ತಿದ್ದದ್ದು ಗೋಲು ಮಾತ್ರ. ಗೋಲು ಹೊಡೆಯುವುದರಲ್ಲಿ ಇವನದು ಎತ್ತಿದ ಕೈ.

ಅದೇ ವರ್ಷ ತಂಡ ಸಿಡ್ನಿಗೆ ಹೋಯಿತು, ವಾರಟಾ ಎಂಬ ರಗ್ಬಿ ಕ್ಲಬ್ಬಿನ ಜೊತೆ ಆಡಲು. ಒಂದು ಪಂದ್ಯ ಅವರ ನಿಯಮದಲ್ಲಿ, ಇನ್ನೊಂದು ಇವರ ನಿಯಮದಲ್ಲಿ. ಅವರವರ ಆಟ ಅವರವರು ಗೆದ್ದರು. ನಡುವೆ ಶಾರ್ಕ್ ಐಲೆಂಡ್ ಹತ್ತಿರ ಮೀನು ಹಿಡಿಯಲು ಹೋದಾಗ ಕೂಲ್ತಾರ್ಡ್ ದೋಣಿಯ ಅಂಚಿನಲ್ಲಿ ಕೂತಿದ್ದ, ಕೋಟಿನ ತುದಿ ಹೊರಗೆ ನೇತಾಡುತ್ತಿತ್ತು. ಶಾರ್ಕೊಂದು ಹಾರಿ ಅದನ್ನೇ ಕಚ್ಚಿ ಇವನನ್ನು ನೀರಿಗೆ ಎಳೆಯಿತು! ಹೇಗೋ ವಾಪಸ್ ದೋಣಿ ಹತ್ತಿದ. ದ್ವೀಪದ ಹೆಸರು ಓದಿಯಾದರೂ ಕೋಟು ಒಳಗೆ ಎಳೆದುಕೊಳ್ಳಬಾರದಿತ್ತೇ?

ನನ್ನ ಗೋಳು ಆ ಕೋಟಿನದೇ. ಈ ಅಳತೆಗೆ ನಿಜವಾದ ಬಟ್ಟೆ ಕಂಬಳಿ ಥರ ಕಾಣುತ್ತದೆ. ಅದಕ್ಕೇ ಟಿಶ್ಯೂ ಪೇಪರಿಗೆ ಅಂಟು ಸವರಿ ಮಡಿಕೆ ಕೂರಿಸಿದೆ. ಚೆನ್ನಾಗೇ ಬಂತು. ಮೊದಲ ಸಲ ಅವಸರಕ್ಕೆ ಬಿದ್ದು ಎರಡು ಸೆಂಟಿಮೀಟರ್ ರೆಸಿನ್ ಒಟ್ಟಿಗೇ ಸುರಿದೆ. ಅಚ್ಚು ಮುಟ್ಟಲಾಗದಷ್ಟು ಬಿಸಿಯಾಯಿತು. ಬೆಳಿಗ್ಗೆ ನೋಡಿದರೆ ಸಿಡ್ನಿ ಬಂದರಿನಲ್ಲಿ ಭೂಕಂಪ, ಅಡ್ಡಡ್ಡ ಬಿರುಕು.

ಎರಡನೇ ಸಲ ಮೂರು ದಿನವಾದರೂ ಮೇಲ್ಮೈ ಬೆಲ್ಲದ ಪಾಕದ ಹಾಗೆ ಅಂಟಂಟು. ಮಳೆಗಾಲವನ್ನು ಬೈದೆ. ಆಮೇಲೆ ಡಬ್ಬಿ ತಿರುಗಿಸಿ ನೋಡಿದೆ. ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡ್‌ನರ್ (ಅದನ್ನು ಗಟ್ಟಿ ಮಾಡುವ ದ್ರವ) ಅಂತ ಬರೆದದ್ದು ಗಾತ್ರದ ಲೆಕ್ಕ, ತೂಕದ್ದಲ್ಲ. ನಾನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದೆ. ಹಾರ್ಡ್‌ನರ್ ಹಗುರ, ಹಾಗಾಗಿ ಜಾಸ್ತಿ ಬಿತ್ತು. ತಪ್ಪು ನನ್ನದೇ. ಆದರೆ ಅಂಗಡಿಯವರು ಆ ಸಾಲನ್ನು ಇರುವೆ ಗಾತ್ರದಲ್ಲಿ ಅಚ್ಚು ಹಾಕಿಸಿದ್ದು ಯಾಕೆ? ಕೇಳಿದರೆ 'ಎಲ್ಲರಿಗೂ ಗೊತ್ತಿರುತ್ತೆ ಸಾರ್' ಅಂತೆ. ಬದಲಿಗೆ ಕಳಿಸಿದ ಹಾರ್ಡ್‌ನರ್ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

ಈ ಎರಡೂ ಸಲ ಕೋಟಿನ ಸುತ್ತ ಗುಳ್ಳೆಯೋ ಗುಳ್ಳೆ. ಹೇರ್ ಡ್ರೈಯರ್ ಹಿಡಿದರೆ ಮೇಲಿನವು ಒಡೆದವು, ಧೂಳು ಬಂದು ಕೂತಿತು. ಅಡಿಯಿಂದ ಮತ್ತೆ ಹೊಸವು ಎದ್ದವು. ಗಾಳಿ ಇದ್ದದ್ದು ಕಾಗದದ ಒಳಗೆ! ಈ ಸಲ ಕೋಟಿಗೆ ಮೂರು ಕೈ ವಾರ್ನಿಶ್ ಹೊಡೆದೆ. ಒಣಗಿದ ಮೇಲೆ ಬ್ರಶ್‌ನಲ್ಲಿ ರೆಸಿನ್ ತೆಳ್ಳಗೆ ಸವರಿ ಗಟ್ಟಿಯಾಗಲು ಬಿಟ್ಟೆ. ಆಮೇಲೆ ಮೂರು ಮೂರು ಮಿಲಿಮೀಟರ್ ಸುರಿದೆ, ದಿನಕ್ಕೊಂದು ಪದರ. ಇಷ್ಟೇ ಮದ್ದು. ಇದಕ್ಕೆ ಏಳು ವಾರ!

ಈಗ ತಲೆಯಲ್ಲಿ ಕೊರೆಯುತ್ತಿರುವುದು ಅವನದೇ ಇನ್ನೊಂದು ದೃಶ್ಯ. ಫೆಬ್ರವರಿ 1879, ಸಿಡ್ನಿ, ಈ ಸಲ ಕ್ರಿಕೆಟ್. ಲಾರ್ಡ್ ಹ್ಯಾರಿಸ್‌ನ ಇಂಗ್ಲೆಂಡ್ ತಂಡದ ಪರವಾಗಿ ಕೂಲ್ತಾರ್ಡ್ ಅಂಪೈರ್. ಊರಿನ ಕಣ್ಮಣಿ ಬಿಲ್ಲಿ ಮರ್ಡಾಕ್ ರನೌಟ್ ಅಂದ. ಮೆಲ್ಬರ್ನಿನವನು ಬಂದು ನಮ್ಮವನನ್ನು ಕಳಿಸುವುದಾ ಅಂತ ಜನ ಮೈದಾನಕ್ಕೆ ನುಗ್ಗಿದರು. ಇನ್ನೊಬ್ಬ ಅಂಪೈರ್ ಎಡ್ಮಂಡ್ ಬಾರ್ಟನ್, 1901ರಲ್ಲಿ ಆಸ್ಟ್ರೇಲಿಯಾದ ಮೊದಲ ಪ್ರಧಾನಿ. ಹ್ಯಾರಿಸ್‌ಗೆ ದೊಣ್ಣೆ ಪೆಟ್ಟು ಬಿತ್ತು. ಇದೇ ಹ್ಯಾರಿಸ್ 1890ರಲ್ಲಿ ಬಾಂಬೆ ಗವರ್ನರ್ ಆಗಿ ಬಂದ. ಧಾರವಾಡ, ಬೆಳಗಾವಿಯೆಲ್ಲ ಆಗ ಅವನ ಕೈಕೆಳಗೇ ಇದ್ದವು.

ಕೂಲ್ತಾರ್ಡ್ ಟೆಸ್ಟ್ ಕೂಡ ಆಡಿದ್ದಾನೆ, 1882ರಲ್ಲಿ ಒಂದೇ ಒಂದು. ಔಟಾಗದೆ 6. ಮರುವರ್ಷ ಕ್ಷಯದಿಂದ ತೀರಿಕೊಂಡ, 27 ವರ್ಷಕ್ಕೆ. ಅದಕ್ಕೇ ದೋಣಿಯಲ್ಲಿ ಕೂತವನ ಕೆನ್ನೆ ತುಂಬಿಸಿಯೇ ಮಾಡಿದ್ದೇನೆ. ಆ ದಿನ ಅವನಿಗೆ ಇನ್ನೂ ಇಪ್ಪತ್ತು ದಾಟಿದ ವಯಸ್ಸು.

ಗಲಾಟೆ ದೃಶ್ಯಕ್ಕೆ ರೆಸಿನ್ ಬೇಡ, ಸದ್ಯ. ಆದರೆ ಹ್ಯಾರಿಸ್ ಮೇಲೆ ಕೈ ಮಾಡಿದವನನ್ನು ಇಂಗ್ಲೆಂಡ್ ತಂಡದ ಹಾರ್ನ್‌ಬಿ ಎಳೆದೊಯ್ಯುವಾಗ ಹಾರ್ನ್‌ಬಿಯ ಅಂಗಿಯೇ ಹರಿದು ಚಿಂದಿಯಾಗಿತ್ತಂತೆ.

ಮತ್ತೆ ಟಿಶ್ಯೂ ಪೇಪರ್.