ಪಂಚಮಿಗೆ ಜೋಕಾಲಿ ಯಾರಿಗೆ ಕಟ್ಟುತ್ತೀರಿ?

ಶ್ರಾವಣ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ನಮ್ಮ ಬಾಗಿಲಿಗೆ ಬರುತ್ತದೆ. ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು ಕೇಳುತ್ತಾರೆ, ಹಾಲು ಹಾಕುವವರು ಕೇಳುತ್ತಾರೆ, ವರ್ಷಕ್ಕೊಮ್ಮೆ ಬರುವ ನೆಂಟರು ಹೋದ ವರ್ಷ ಕೇಳಿದ್ದನ್ನು ಮರೆತು ಮತ್ತೆ ಕೇಳುತ್ತಾರೆ: "ಮಗ ಪುಣೆಯಲ್ಲಿದ್ದಾನೆ, ಮನೆಯಲ್ಲಿ ನೀವಿಬ್ಬರೇ. ಪಂಚಮಿಗೆ ಇಷ್ಟು ದೊಡ್ಡ ಜೋಕಾಲಿ ಯಾರಿಗೆ ಕಟ್ಟುತ್ತೀರಿ?" ವಿಷಯ ತಿಳಿದವರು ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸುತ್ತಾರೆ: "ಎಷ್ಟು ವರ್ಷ ಅದನ್ನೇ ಹಿಡಿದುಕೊಂಡು ಕೂರುತ್ತೀರಿ? ಇನ್ನು ಮರೆಯಬೇಕು."

"ಓಣಿಯ ಮಕ್ಕಳಿಗೆ" ಎಂದು ಹೇಳಿ ಅವರನ್ನು ಚಹಾಕ್ಕೆ ಒಳಗೆ ಕರೆಯುತ್ತೇನೆ. ಅದು ಸುಳ್ಳೇನೂ ಅಲ್ಲ. ಆದರೆ ಪೂರ್ತಿ ಉತ್ತರ ಬಾಗಿಲಲ್ಲಿ ನಿಂತು ಹೇಳುವಷ್ಟು ಚಿಕ್ಕದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜೋಕಾಲಿ ನನ್ನ ಮಗಳದು. 2005ರ ಸಂಕ್ರಾಂತಿಯ ಮರುದಿನ ಹುಟ್ಟಿದಳು, 2016ರ ಫೆಬ್ರುವರಿಯಲ್ಲಿ ಹೋದಳು. ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ. ನಮ್ಮ ಅತ್ತೆ ತಮ್ಮ ತಾಯಿಯೇ ತಿರುಗಿ ಬಂದಳೆಂದು "ಅವ್ವಿ" ಎಂದು ಕರೆದರು, ಗದಗಿನ ನಮ್ಮ ಓಣಿಗೆಲ್ಲ ಅದೇ ರೂಢಿಯಾಯಿತು.

ಎಂಟು ತಿಂಗಳಿದ್ದಾಗ ಮುಖ ಬಿಳಿಚಿಕೊಂಡಿತು, ಹಾಲು ಕುಡಿಯುವುದನ್ನು ಬಿಟ್ಟಳು. ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡಿ ಥಲಸ್ಸೇಮಿಯಾ ಮೇಜರ್ ಎಂದರು. ಈ ಮಕ್ಕಳ ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ, ಕೆಂಪು ರಕ್ತಕಣಗಳು ಬಾಳುವ ಮೊದಲೇ ಒಡೆಯುತ್ತವೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಲೇಬೇಕು. ಅವ್ವಿಗೆ ಮೂರು ವಾರಕ್ಕೊಮ್ಮೆ. ನನ್ನ ನೋಟ್‌ಬುಕ್ಕಿನ ಲೆಕ್ಕದಲ್ಲಿ ಒಟ್ಟು 171 ಸಲ.

"ಮೊದಲೇ ಗೊತ್ತಾಗಲಿಲ್ಲವೇ?" ಎಂದೂ ಕೇಳುತ್ತಾರೆ. ಗೊತ್ತಾಗಬಹುದಿತ್ತು. ತಂದೆ ತಾಯಿ ಇಬ್ಬರೂ ಈ ದೋಷದ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕರು ನಮ್ಮ ಹಾಗೆ ಆರೋಗ್ಯವಾಗಿಯೇ ಇರುತ್ತಾರೆ. ರಕ್ತ ಸ್ವಲ್ಪ ಕಡಿಮೆ ಕಂಡರೆ ಕಬ್ಬಿಣದ ಮಾತ್ರೆ ಬರೆದುಕೊಡುತ್ತಾರೆ, ಅಷ್ಟೇ. ನಮ್ಮ ಮದುವೆಯಲ್ಲಿ ಜಾತಕ ನೋಡಿದರು, ಗೋತ್ರ ಕೇಳಿದರು, ಹೊಲ ಎಷ್ಟೆಂದು ವಿಚಾರಿಸಿದರು. ಹಿಮೋಗ್ಲೋಬಿನ್ ಎ2 ಎಂಬ ರಕ್ತಪರೀಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ. ನನ್ನ ತಂಗಿಯ ಮಕ್ಕಳಿಗೆ ಮದುವೆಗೆ ಮೊದಲೇ ನಾನೇ ಮುಂದೆ ನಿಂತು ಆ ಪರೀಕ್ಷೆ ಮಾಡಿಸಿದ್ದೇನೆ. ಓದುತ್ತಿರುವ ನೀವೂ ಮಾಡಿಸಿ.

ಅಣ್ಣನ ಅಸ್ಥಿಮಜ್ಜೆ ಹೊಂದಿದರೆ ಕಾಯಿಲೆಯೇ ಹೋಗಬಹುದು ಎಂದಿದ್ದರು. ಒಡಹುಟ್ಟಿದವರದು ಹೊಂದುವ ಸಂಭವವೂ ನಾಲ್ಕರಲ್ಲಿ ಒಂದೇ. ಅದು ಹೊಂದಲಿಲ್ಲ.

ಕಾಯಿಲೆಯ ಮಾತು ಇಷ್ಟು ಸಾಕು. ಜನ ಅವಳನ್ನು ನೆನೆಯುವುದೇ "ಪಾಪ, ರಕ್ತದ ಹುಡುಗಿ" ಎಂದು. ನನಗೆ ಅದು ಸಹಿಸುವುದಿಲ್ಲ. ಅವಳ ಹನ್ನೊಂದು ವರ್ಷದಲ್ಲಿ ಆಸ್ಪತ್ರೆಯ ದಿನಗಳನ್ನು ತೆಗೆದರೂ ಸಾವಿರಾರು ದಿನ ಉಳಿಯುತ್ತವೆ. ಆ ದಿನಗಳಲ್ಲಿ ಅವಳು ಜಗಳವಾಡಿದಳು, ಮಗ್ಗಿ ತಪ್ಪಿದಳು, ಅಣ್ಣನ ಸೈಕಲ್ಲಿನ ಗಾಳಿ ಬಿಟ್ಟಳು. ಹುಬ್ಬಳ್ಳಿಗೆ ಹೋಗುವ ರೈಲೇ ಅವಳಿಗೊಂದು ಜಾತ್ರೆ. ಬಿಂಕದಕಟ್ಟಿ, ಹುಲಕೋಟಿ, ಅಣ್ಣಿಗೇರಿ, ಹೆಬಸೂರು, ಕುಸುಗಲ್ ಎಂದು ನಿಲ್ದಾಣಗಳನ್ನು ರೈಲು ನಿಲ್ಲುವ ಮೊದಲೇ ಕೂಗುತ್ತಿದ್ದಳು. ಡಬ್ಬಿಯಲ್ಲಿ ಕುಳಿತವರು ಇಳಿಯುವ ಊರು ಬಂತೇ ಎಂದು ಅವಳನ್ನೇ ಕೇಳುತ್ತಿದ್ದರು.

ಆದರೆ ಎಲ್ಲಕ್ಕಿಂತ ದೊಡ್ಡದು ಪಂಚಮಿ. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ರೊಟ್ಟಿ ಹಬ್ಬದಂದು ಮನೆಯಿಂದ ಮನೆಗೆ ಬುತ್ತಿ ಹೋಗಬೇಕು, ಚೌತಿಗೆ ನಾಗಪ್ಪನಿಗೆ ಹಾಲೆರೆಯಬೇಕು, ಡಬ್ಬಿಗಳಲ್ಲಿ ಉಂಡಿ ತುಂಬಿರಬೇಕು, ಬೇವಿನ ಮರಕ್ಕೆ ಜೋಕಾಲಿ ಬೀಳಬೇಕು. ರಕ್ತ ಏರಿಸಿದ ಮೊದಲ ವಾರ ಅವ್ವಿ ಚಿಗರೆಯ ಹಾಗೆ ಓಡುತ್ತಿದ್ದಳು, ಮೂರನೆಯ ವಾರದಲ್ಲಿ ಮೆಟ್ಟಿಲು ಹತ್ತಿದರೂ ಕೂತುಬಿಡುತ್ತಿದ್ದಳು. ಆದ್ದರಿಂದ ಮೇ ತಿಂಗಳಿನಿಂದಲೇ ನಮ್ಮ ಮನೆಯಲ್ಲಿ ಲೆಕ್ಕ ಶುರು. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಕೆಂಪು ಪೆನ್ಸಿಲಿನಿಂದ ಇಪ್ಪತ್ತೊಂದು ದಿನಕ್ಕೊಂದು ಸುತ್ತು ಹಾಕುತ್ತಿದ್ದಳು. ನಾನು ಡಾಕ್ಟರರನ್ನು ಕೇಳಿ ಒಂದು ಸರದಿಯನ್ನು ಎರಡು ದಿನ ಹಿಂದೆ, ಇನ್ನೊಂದನ್ನು ಎರಡು ದಿನ ಮುಂದೆ ಮಾಡಿ, ಹಬ್ಬದ ಹಿಂದೆಮುಂದೆಯೇ ಮೈಯಲ್ಲಿ ಹೊಸ ರಕ್ತ ಇರುವಂತೆ ಹೊಂದಿಸುತ್ತಿದ್ದೆ. 2014ರಲ್ಲಿ ಪಂಚಮಿ ಆಗಸ್ಟ್ 1ಕ್ಕೆ ಬಂತು, ಜುಲೈ 30ಕ್ಕೆ ರಕ್ತ ಆಗಿತ್ತು. ಅವತ್ತು ಅವಳು ಜೀಕಿದ ರಭಸಕ್ಕೆ ಬೇವಿನ ಟೊಂಗೆಯೇ ನರಳಿತು.

ಉಂಡಿಯ ವಿಷಯದಲ್ಲಿ ಮಾತ್ರ ಅವಳಿಗೆ ಅನ್ಯಾಯವಾಗುತ್ತಿತ್ತು. ಏರಿಸುವ ಒಂದೊಂದು ಯೂನಿಟ್ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈಗೆ ಸೇರುತ್ತದೆ. ಅದನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಯಕೃತ್ತಿನಲ್ಲಿ, ಹೃದಯದಲ್ಲಿ ಕೂಡುತ್ತ ಹೋಗುತ್ತದೆ. ಅದಕ್ಕಾಗಿ ದಿನವೂ ನೀರಿನಲ್ಲಿ ಕರಗಿಸಿದ ಮಾತ್ರೆ ಕುಡಿಯಬೇಕಿತ್ತು. ಸುಣ್ಣದ ನೀರಿನಂಥ ಅದನ್ನು ಮೂಗು ಹಿಡಿದುಕೊಂಡು ಕುಡಿದು, ಲೋಟ ಬೋರಲು ಹಾಕಿ ತೋರಿಸುತ್ತಿದ್ದಳು. ಎಳ್ಳು, ಬೆಲ್ಲ ಕಬ್ಬಿಣದ ಪದಾರ್ಥಗಳು, ಆದ್ದರಿಂದ ಎಳ್ಳುಂಡಿ ಬೇಡವೆಂದಿದ್ದರು. ಅವಳ ಪಾಲಿಗೆ ಸಕ್ಕರೆಯ ರವೆ ಉಂಡಿ. ಆದರೂ ತನ್ನ ಲೆಕ್ಕದ ಎರಡು ಎಳ್ಳುಂಡಿ ಬೇರೆ ಇಡಿಸಿಕೊಂಡು, ಅವನ್ನು ಓಣಿಯ ಹುಡುಗರಿಗೆ ಕೊಟ್ಟು ಕೊಬ್ಬರಿ ಬಟ್ಟಲಿನ ಬುಗುರಿ ಆಡಿಸುವ ಸರದಿ ಗಿಟ್ಟಿಸುತ್ತಿದ್ದಳು.

ಹಾಲೆರೆಯುವಾಗ ನಮ್ಮಲ್ಲಿ ಒಬ್ಬೊಬ್ಬರ ಪಾಲು ಹೇಳುವ ಪದ್ಧತಿ ಇದೆ. ದೇವರ ಪಾಲು, ಗುರುವಿನ ಪಾಲು, ಅಜ್ಜನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎನ್ನುತ್ತ ನಾಗಪ್ಪನ ಮೇಲೆ ಹನಿ ಹನಿಯಾಗಿ ಹಾಲು ಬಿಡಬೇಕು. ಅವ್ವಿ ಏಳು ವರ್ಷದವಳಿದ್ದಾಗ ಎಲ್ಲರದೂ ಮುಗಿದ ಮೇಲೆ ಬಟ್ಟಲು ಇನ್ನೂ ಬಾಗಿಸಿಕೊಂಡೇ "ರಕ್ತ ಕೊಟ್ಟವರ ಪಾಲು" ಎಂದಳು. ಅತ್ತೆ ನನ್ನ ಮುಖ ನೋಡಿದರು. ಮರುವರ್ಷ ಅವರೇ ಅದನ್ನು ದೇವರ ಪಾಲಿನ ಮುಂದಕ್ಕೆ ತಂದರು.

ಈಗ ಜೋಕಾಲಿಯ ಲೆಕ್ಕದ ವಹಿ. ಮಕ್ಕಳು ಸರದಿಗಾಗಿ ಕಿತ್ತಾಡುತ್ತಿದ್ದುದನ್ನು ನೋಡಿ ಅವಳೇ ಕಾನೂನು ಮಾಡಿದಳು: ಒಬ್ಬರಿಗೆ ಇಪ್ಪತ್ತು ಜೀಕು. ಕಟ್ಟೆಯ ಮೇಲೆ ಕುಳಿತು ಎಣಿಸಿ ಬರೆಯುತ್ತಿದ್ದಳು. ಆ ವಹಿ ನನ್ನ ಬಳಿ ಇದೆ. ನೂರು ಪುಟದ ಚೌಕಳಿ ನೋಟ್‌ಬುಕ್, ರಟ್ಟಿನ ಮೇಲೆ ಎಣ್ಣೆಯ ಬೆರಳಚ್ಚು. ಪೆನ್ಸಿಲನ್ನು ಒತ್ತಿ ಬರೆಯುತ್ತಿದ್ದುದರಿಂದ ಹಿಂದಿನ ಪುಟದಲ್ಲಿ ಅಕ್ಷರಗಳು ಕೈಗೆ ಹತ್ತುತ್ತವೆ. ಒಂದು ಪುಟದಲ್ಲಿ ಹೀಗಿದೆ: "ಮೂಲೆಮನೆ ತಮ್ಮ 20, ಅತ್ತದ್ದಕ್ಕೆ 3." ಅದರ ಕೆಳಗೆ: "ಅಣ್ಣ 20, ಕದ್ದದ್ದು 4, ನಾಳೆ ಮುರಿಯಬೇಕು."

ಕೊನೆಯ ಪುಟ 2015ರದು. ಆ ವರ್ಷ ಅಧಿಕ ಆಷಾಢ ಬಂದು ಪಂಚಮಿ ಆಗಸ್ಟ್ 19ಕ್ಕೆ ಹೋಯಿತು. ಅದಕ್ಕೆ ತಕ್ಕಂತೆ ನಾವು ಸರದಿ ಹೊಂದಿಸಿಕೊಂಡೇ ಇದ್ದೆವು. ಅವಳದು ಬಿ ನೆಗೆಟಿವ್, ಆ ವಾರ ದಾನಿ ಸಿಗಲಿಲ್ಲ. ಹಬ್ಬದ ದಿನ ಹಸಿರು ಲಂಗ ಉಟ್ಟು ಮಣೆಯ ಮೇಲೆ ಕುಳಿತಳು, ಎಂಟು ಜೀಕಿ ಇಳಿದಳು. ತುಟಿ ಬಿಳಿಚಿತ್ತು. ಕಟ್ಟೆಗೆ ಒರಗಿ ಕುಳಿತು ವಹಿ ತೆಗೆದು ಬರೆದಳು: "ನಾನು 8. ಬಾಕಿ 12." ಮೂರು ದಿನಕ್ಕೆ ರಕ್ತ ಸಿಕ್ಕಿತು, ಆದರೆ ಅಷ್ಟರಲ್ಲಿ ಜೋಕಾಲಿ ಬಿಚ್ಚಿದ್ದೆವು. "ಇರಲಿ ಬಿಡು, ಮುಂದಿನ ಪಂಚಮಿಗೆ ತೀರಿಸಿಕೊಳ್ಳುತ್ತೇನೆ" ಎಂದಳು.

ಫೆಬ್ರುವರಿಯಲ್ಲಿ ಜ್ವರ ಬಂತು. ಸೋಂಕು ಹೃದಯಕ್ಕೆ ಭಾರವಾಯಿತು. ನಾಲ್ಕು ದಿನ.

ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ ಎಂದು ಹಿರಿಯರು ಹೇಳಿದ್ದರು, ನಮಗೂ ಮನಸ್ಸಿರಲಿಲ್ಲ. ಪಂಚಮಿಯ ಬೆಳಿಗ್ಗೆ ಬಾಗಿಲು ತೆಗೆದರೆ ಓಣಿಯ ಐದಾರು ಮಕ್ಕಳು ಗೇಟಿನ ಹೊರಗೆ ನಿಂತು ಬೇವಿನ ಟೊಂಗೆ ನೋಡುತ್ತಿದ್ದವು. ಯಾರೂ ಏನೂ ಕೇಳಲಿಲ್ಲ. ನಮ್ಮವರು ಒಳಗೆ ಹೋಗಿ ಅಟ್ಟದಿಂದ ಹಗ್ಗ ಇಳಿಸಿ ತಂದರು. ಕಟ್ಟುವಾಗ ಕೈ ನಡುಗುತ್ತಿತ್ತು, ಗಂಟು ಎರಡು ಸಲ ಜಾರಿತು. ನಾನು ವಹಿ ತಂದು ಕಟ್ಟೆಯ ಮೇಲೆ ಕುಳಿತೆ. ಮೊದಲು ಬಂದ ಹುಡುಗಿಗೆ ಇಪ್ಪತ್ತಾದ ಮೇಲೂ ನಿಲ್ಲಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಇನ್ನು ಹನ್ನೆರಡು ಜೀಕು ಎಂದೆ.

ಅಂದಿನಿಂದ ಪ್ರತಿ ವರ್ಷ ಹಾಗೆಯೇ ನಡೆದು ಬಂದಿದೆ. ಹಾಲೆರೆಯುವಾಗ ಅವ್ವಿಯ ಪಾಲನ್ನೂ ರಕ್ತ ಕೊಟ್ಟವರ ಪಾಲನ್ನೂ ಹೇಳುತ್ತೇನೆ. ಮರೆಯಬೇಕು ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಮೇಲಿನ ಕಕ್ಕುಲಾತಿಯಿಂದಲೇ ಅನ್ನುತ್ತಾರೆ. ಆದರೆ ಅವಳ ಪಾಲನ್ನು ಬಿಟ್ಟು ಹಾಲೆರೆಯಲು ನನಗೆ ಬರುವುದಿಲ್ಲ. ಈ ಮನೆಯಲ್ಲಿ ಅವಳೂ ಹುಟ್ಟಿದ್ದಳು.

ಹೋದ ಪಂಚಮಿಗೆ ನಸುಕಿನಲ್ಲೇ ಗೇಟಿನ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಎರಡು ವರ್ಷದ ಹಿಂದೆ ಓಣಿಗೆ ಬಂದ ಮನೆಯ ಹುಡುಗಿ, ಅವಳ ಹಿಂದೆ ರಜೆಗೆಂದು ಬಂದ ಅವಳ ಸೋದರಮಾವನ ಮಗ. ಇಬ್ಬರಿಗೂ ಇನ್ನೂ ಮುಖ ತೊಳೆದಿರಲಿಲ್ಲ.

"ಇಷ್ಟು ಬೇಗ ಯಾಕೆ ಎಬ್ಬಿಸಿದೆ?" ಎಂದು ಅವನು ಕೇಳಿದ.

"ಇಲ್ಲಿ ಎಲ್ಲರಿಗೂ ಇಪ್ಪತ್ತು ಜೀಕು. ಮೊದಲು ಬಂದವರಿಗೆ ಮೂವತ್ತೆರಡು."

"ಮೂವತ್ತೆರಡು ಯಾಕೆ?"

ಹುಡುಗಿ ಆಗಲೇ ಮಣೆಯ ಮೇಲೆ ಕುಳಿತು ಹಗ್ಗ ಹಿಡಿದಿದ್ದಳು. "ಈ ಜೋಕಾಲಿಗೆ ಅಷ್ಟೇ ಲೆಕ್ಕ. ನೀನು ತಳ್ಳು, ನಾನು ಎಣಿಸುತ್ತೇನೆ" ಎಂದಳು.