ಎಲ್ಲರ ಬೋಟೂ ನಿಂತರೆ ಮಾತ್ರ

ಜುಲೈಯಲ್ಲಿ ಒಮ್ಮೆ ಮಲ್ಪೆ ಬಂದರಿಗೆ ಬನ್ನಿ. ಒಂದಕ್ಕೊಂದು ತಾಗಿ ಕಟ್ಟಿದ ಬೋಟುಗಳು, ಅವುಗಳ ಮೇಲೆ ಸುರಿಯುವ ಮಳೆ, ಅಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವ ಹಾಗಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ.

ಮೊನ್ನೆ ಗೆಳೆಯನೊಬ್ಬ ಕೇಳಿದ, ಜನ ಒಳ್ಳೆಯವರಾಗಿದ್ದರೆ ಸಾಕಲ್ವಾ, ಸರ್ಕಾರ, ಕಾನೂನು ಎಲ್ಲ ಯಾಕೆ ಬೇಕು ಅಂತ. ನನಗೆ ತಕ್ಷಣ ನೆನಪಾದದ್ದು ನನ್ನ ಸೋದರಮಾವ.

ಮಾವ ಇಪ್ಪತ್ತೈದು ವರ್ಷ ತಾಂಡೇಲರಾಗಿ, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ ಇದ್ದವರು. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುತ್ತದೆ, ಆಗ ಬಲೆ ಬೀಸಿದರೆ ಮುಂದಿನ ವರ್ಷದ ಬೂತಾಯಿ, ಬಂಗುಡೆಗೇ ಕಲ್ಲು ಹಾಕಿದ ಹಾಗೆ ಎಂದು ಅವರಿಗೆ ಯಾವ ಅಧಿಕಾರಿಯೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಒಮ್ಮೆ ಕೇಳಿದ್ದೆ.

"ಮಾವ, ಈ ನಿಷೇಧ ಇಲ್ಲದಿದ್ದರೆ ನೀವು ಹೋಗ್ತಿದ್ರಾ?"

"ಹೋಗದೆ ಏನು ಮಾಡುವುದು ಮಾರಾಯ? ನಾನು ಬಿಟ್ಟ ಮೀನನ್ನು ಪಕ್ಕದ ಬೋಟಿನವ ಹಿಡೀತಾನೆ. ಸಾಲದ ಕಂತು ನನಗೂ ಉಂಟಲ್ಲ."

ಮಾವ ಕೆಟ್ಟವರಲ್ಲ. ಪಕ್ಕದ ಬೋಟಿನವನೂ ಅಲ್ಲ. ಆದರೆ ಒಬ್ಬನೇ ನಿಲ್ಲಿಸಿದರೆ ಅವನ ಮನೆಯಲ್ಲಿ ಗಂಜಿಗೂ ಕಷ್ಟ, ಕಡಲಿಗೂ ಏನೂ ಉಪಕಾರ ಇಲ್ಲ. ಎಲ್ಲರೂ ನಿಲ್ಲಿಸುತ್ತಾರೆ ಎಂಬ ಭರವಸೆ ಬೇಕು, ಅದನ್ನು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೊಡಲಾರ, ಕಾನೂನು ಕೊಡಬಲ್ಲದು.

ಹಿಂದೆ ಇದನ್ನು ಊರಿನ ಮುಖಂಡರಾದ ಗುರಿಕಾರರೇ ನೋಡಿಕೊಳ್ಳುತ್ತಿದ್ದರು, ಈಗಲೂ ಇಲ್ಲಿನ ಮೀನುಗಾರ ಸಮುದಾಯವಾದ ಮೊಗವೀರರ ಗ್ರಾಮಗಳಲ್ಲಿ ಅವರ ಮಾತಿಗೆ ಬೆಲೆ ಉಂಟು, ನನಗೂ ಅವರ ಬಗ್ಗೆ ಗೌರವ ಇದೆ. ಮುಖ ಪರಿಚಯ ಇರುವಲ್ಲಿ ನಾಚಿಕೆಯೇ ಸಾಕು. ಆದರೆ ಇವತ್ತು ಆಳಸಮುದ್ರಕ್ಕೆ ಹೋದ ಬೋಟು ವಾರಗಟ್ಟಲೆ ತಿರುಗಿ ಬರುವುದಿಲ್ಲ, ಅದರಲ್ಲಿ ಆಂಧ್ರದವರು, ಒಡಿಶಾದವರು ದುಡಿಯುತ್ತಾರೆ, ಗೋವಾದ ಬೋಟು, ಕೇರಳದ ಬೋಟು ಅದೇ ನೀರಿನಲ್ಲಿ ಎದುರಾಗುತ್ತವೆ. ಅಲ್ಲಿ ಯಾವ ಊರಿನ ಗುರಿಕಾರರ ಮಾತು ನಡೆಯಬೇಕು? ಅಲ್ಲಿ ಕಾನೂನೇ ಬೇಕು. 1986ರಲ್ಲೇ ರಾಜ್ಯ ಕಡಲ ಮೀನುಗಾರಿಕೆಗೆಂದೇ ಕಾನೂನು ಮಾಡಿತು. ದಡದಿಂದ 12 ನಾಟಿಕಲ್ ಮೈಲಿವರೆಗೆ ಅಧಿಕಾರ ರಾಜ್ಯದ್ದು, ಅದರಾಚೆ 200ರವರೆಗೆ ಕೇಂದ್ರದ್ದು.

ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಇದನ್ನು ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಬೋಟಿನಲ್ಲಿ ಜನರೇಟರ್ ಇಟ್ಟು, ರಾತ್ರಿ ಜೋರು ಬೆಳಕು ಬಿಟ್ಟು, ಆ ಬೆಳಕಿಗೆ ಸೇರಿದ ಮೀನನ್ನು ಮರಿ ಸಮೇತ ಬಾಚುವ ಲೈಟ್ ಫಿಶಿಂಗ್ ಅನ್ನು ಕೇಂದ್ರ 2017ರ ನವೆಂಬರಿನಲ್ಲೇ ನಿಷೇಧಿಸಿದೆ. ಆದರೂ ನಾಡದೋಣಿಯವರ ದೂರು ನಿಂತಿಲ್ಲ. ಹಿಡಿಯಬೇಕಾದವರು ಸುಮ್ನಿದ್ದರೆ ನಷ್ಟ ಆಗುವುದು ನಿಯಮ ಪಾಲಿಸಿದವನಿಗೇ. ಮರುದಿನ ಅವನಿಗೂ ಅನಿಸುತ್ತದೆ, ನಾನೊಬ್ಬ ಯಾಕೆ ಪಾಲಿಸಬೇಕು ಅಂತ. ಅಲ್ಲಿಗೆ ಆ ಭರವಸೆ ಮುಗಿಯಿತು.

ಮಾವ ಈಗ ಬೋಟಿಗೆ ಹೋಗುವುದಿಲ್ಲ. ರಾತ್ರಿ ಊಟ ಆದ ಮೇಲೆ ಕಡಲ ಬದಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಾರೆ. ದೂರದಲ್ಲಿ ಆ ಬಿಳಿ ಬೆಳಕು ಕಂಡ ದಿನ ಮನೆಗೆ ಬಂದು ಯಾರ ಹತ್ತಿರವೂ ಮಾತಾಡುವುದಿಲ್ಲ.